ನಮ್ಮ ಮೇಡಂನ ಕೆಲಸದಿಂದ ತೆಗೀತಾರಂತೆ, ಇಂಥದ್ದು ನೋಡಿದೋರು ಏನ್ ಮಾಡಿದ್ರಿ ಹೇಳಿ

ಕೇಳಿದ್ದು, ಹಳೇ ವಿದ್ಯಾರ್ಥಿ:

ನಮಸ್ಕಾರ ಎಲ್ಲರಿಗೂ. ಹೈಸ್ಕೂಲಲ್ಲಿ ನಮಗೆ ಗಣಿತ ಹೇಳ್ಕೊಟ್ಟ ಮೇಡಂ ಒಬ್ರು ಅದೇ ಖಾಸಗಿ ಶಾಲೇಲಿ ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಮಾಡಿದಾರೆ. ಈಗ ಹೊಸ ಆಡಳಿತ ಮಂಡಳಿ ಬಂದಿದೆ, ಬಂದು ವರ್ಷ ಆಗಿಲ್ಲ, ಮೇಡಂಗೆ ಶೋಕಾಸ್ ನೋಟಿಸ್, ಅಂದ್ರೆ ನಿಮ್ಮ ಮೇಲೆ ಯಾಕೆ ಕ್ರಮ ತಗೋಬಾರ್ದು ಅಂತ ಕಾರಣ ಕೇಳೋ ಕಾಗದ, ಕೊಟ್ಟಿದಾರೆ. ರಿಸಲ್ಟ್ ಕಮ್ಮಿ, ಪೋಷಕರ ಹತ್ರ ಒರಟಾಗಿ ಮಾತಾಡ್ತಾರೆ, ಹೊಸ ಪದ್ಧತಿಗೆ ಹೊಂದ್ಕೊಳ್ತಿಲ್ಲ ಅಂತ ಆರೋಪ. ಒಂದು ವಾರದಲ್ಲಿ ಉತ್ತರ ಕೊಡ್ಬೇಕಂತೆ. ಇದು ಬರೆದು ಕೊಟ್ಟಿದ್ದು, ಬಾಯಲ್ಲಿ ಹೇಳಿದ್ದು ಬೇರೆ, ನೀವಾಗೇ ರಾಜೀನಾಮೆ ಕೊಟ್ರೆ ಸನ್ಮಾನ ಮಾಡಿ ಕಳಿಸ್ತೀವಿ ಅಂತ. ನಮ್ಮ ಬ್ಯಾಚ್ ಗ್ರೂಪಲ್ಲಿ ಎಲ್ಲರೂ ಕುದೀತಿದಾರೆ, ಗೇಟ್ ಮುಂದೆ ಧರಣಿ ಕೂರೋಣ ಅಂತ ಕೆಲವರು, ವಿಡಿಯೋ ಮಾಡಿ ವೈರಲ್ ಮಾಡೋಣ ಅಂತ ಕೆಲವರು. ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಯಾವುದು, ಅನುಭವ ಇದ್ದೋರು ದಯವಿಟ್ಟು ಹೇಳಿ.

ಒಬ್ಬ ಪೋಷಕಿ:

ಮೊದಲು ಮೇಡಂಗೆ ಏನು ಬೇಕು ಅಂತ ಕೇಳಿದ್ರಾ? ನಿಮ್ಮ ಪೋಸ್ಟಲ್ಲಿ ಎಲ್ಲರ ಅಭಿಪ್ರಾಯ ಇದೆ, ಅವರದ್ದೇ ಇಲ್ಲ. ಕೆಲವರಿಗೆ ಕೆಲಸ ಉಳೀಬೇಕು, ಕೆಲವರಿಗೆ ಕೆಟ್ಟ ಹೆಸರು ಹೋದ್ರೆ ಸಾಕು, ಇನ್ ಕೆಲವರಿಗೆ ಬರಬೇಕಾದ ದುಡ್ಡು ಬಂದ್ರೆ ಹೊರಟೇ ಹೋಗ್ತಾರೆ. ಮೂರಕ್ಕೂ ಬೇರೆ ಬೇರೆ ದಾರಿ.

ನಿವೃತ್ತ ಮುಖ್ಯೋಪಾಧ್ಯಾಯ:

ನಾನು ಇಂಥ ವಿಚಾರಣೆಗಳಲ್ಲಿ ಎರಡೂ ಕಡೆ ಕೂತವನು, ಮ್ಯಾನೇಜ್‌ಮೆಂಟ್ ಪರವಾಗಿ ದಾಖಲೆ ಹಾಜರುಪಡಿಸಿದೀನಿ, ಆಮೇಲೆ ನಿವೃತ್ತಿ ಆದ್ಮೇಲೆ ಶಿಕ್ಷಕರ ಪರವಾಗಿ ಸಹಾಯಕನಾಗೂ ಕೂತಿದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಆ ಸನ್ಮಾನದ ಮಾತಿಗೆ ಮಾತ್ರ ಮೇಡಂ ಬೀಳಬಾರದು. ಸನ್ಮಾನ ಅಂದ್ರೆ ಒಂದು ಶಾಲು, ಒಂದು ಹಾರ, ಒಂದು ಫೋಟೋ. ರಾಜೀನಾಮೆ ಪತ್ರಕ್ಕೆ ಸಹಿ ಬಿದ್ಮೇಲೆ 'ಅವರಾಗೇ ಬಿಟ್ರು' ಅಂತ ಆಗುತ್ತೆ, ಒತ್ತಾಯ ಮಾಡಿ ಬರೆಸ್ಕೊಂಡ್ರು ಅಂತ ಸಾಬೀತು ಮಾಡೋ ಹೊರೆ ಪೂರ್ತಿ ಇವರ ತಲೆ ಮೇಲೆ. ಮ್ಯಾನೇಜ್‌ಮೆಂಟಿನವರು ರಾಜೀನಾಮೆ ಕೇಳ್ತಿದಾರೆ ಅಂದ್ರೇನೇ ವಿಚಾರಣೆ ನಡೆಸಿ ತೆಗೆಯೋಷ್ಟು ದಾಖಲೆ ಅವರ ಹತ್ರ ಇನ್ನೂ ಸಿದ್ಧ ಇಲ್ಲ ಅಂತ ನನ್ನ ಲೆಕ್ಕ, ಎಷ್ಟೋ ಸಲ ಹಂಗೇ ಇರುತ್ತೆ.

ಇನ್ನು ನೋಟಿಸಿಗೆ ಉತ್ತರ. ಕೋಪದಲ್ಲಿ ಒಂದೇ ರಾತ್ರೀಲಿ ಬರೆದು ಕೊಡಬೇಡಿ, ಹಾಗಂತ ಗಡುವು ಮೀರೋದೂ ಬೇಡ. 'ರಿಸಲ್ಟ್ ಕಮ್ಮಿ' ಅಂದ್ರೆ ಯಾವ ವರ್ಷ, ಯಾವ ಸೆಕ್ಷನ್ನು, ಯಾರಿಗೆ ಹೋಲಿಸಿ? 'ಒರಟು ಮಾತು' ಅಂದ್ರೆ ಯಾವ ದಿನ, ಯಾವ ಪೋಷಕರು, ಬರವಣಿಗೇಲಿ ದೂರು ಇದೆಯಾ? ಇದನ್ನೆಲ್ಲ ಲಿಖಿತವಾಗಿ ಕೇಳಿ, ದಾಖಲೆಗಳ ನಕಲು ಕೊಡಿ, ಅದು ಕೈಗೆ ಬಂದ್ಮೇಲೆ ವಿವರವಾಗಿ ಉತ್ತರ ಕೊಡೋಕೆ ಇಷ್ಟು ದಿನ ಕಾಲಾವಕಾಶ ಬೇಕು ಅಂತ ಗಡುವಿನ ಒಳಗೇ ಒಂದು ಪತ್ರ ಹೋಗ್ಬೇಕು. ಕೈಯಲ್ಲಿ ಕೊಟ್ರೆ ಎರಡನೇ ಪ್ರತಿ ಮೇಲೆ ಸೀಲು ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲೇ ಕಳಿಸಿ, ಇಮೇಲೂ ಮಾಡಿ.

ನಿಮ್ಮ ಗ್ರೂಪಿನವರು ಎಲ್ಲಿ ಬರ್ತಾರೆ ಅಂದ್ರೆ ಇಲ್ಲಿ. 'ಮೇಡಂ ದೇವರಂಥವರು' ಅಂತ ಐನೂರು ಜನ ಸಹಿ ಮಾಡಿದ ಕಾಗದವನ್ನ ವಿಚಾರಣಾಧಿಕಾರಿ ಫೈಲಿಗೆ ಸೇರಿಸಿ ಮುಂದಿನ ಪುಟಕ್ಕೆ ಹೋಗ್ತಾರೆ, ನಾನೇ ನೋಡಿದೀನಿ. ಅದೇ ಹತ್ತು ಜನ, ಯಾವ ವರ್ಷ ಯಾವ ಕ್ಲಾಸಲ್ಲಿ ಓದಿದ್ರು, ಗಣಿತದಲ್ಲಿ ಫೇಲ್ ಆಗ್ತಿದ್ದ ಹುಡುಗನನ್ನ ಮೇಡಂ ಸಂಜೆ ಕೂರಿಸ್ಕೊಂಡು ಹೇಗೆ ಪಾಸ್ ಮಾಡಿಸಿದ್ರು, ಅದರ ಮಾರ್ಕ್ಸ್ ಕಾರ್ಡ್ ಇದು, ಅಂತ ತಮ್ಮ ಕಣ್ಣಾರೆ ಕಂಡಿದ್ದನ್ನ ಮಾತ್ರ ಒಂದೊಂದು ಪುಟ ಬರೆದು ಸಹಿ ಹಾಕಿ ಕೊಟ್ರೆ, ಬೇಕಾದ್ರೆ ಬಂದು ಸಾಕ್ಷಿ ಹೇಳ್ತೀನಿ ಅಂತ ಕೊನೇಲಿ ಒಂದು ಸಾಲು ಸೇರಿಸಿದ್ರೆ, ಅದಕ್ಕೆ ತೂಕ ಇದೆ. ಎಲ್ಲರೂ ಒಂದೇ ಡ್ರಾಫ್ಟ್ ಕಾಪಿ ಹೊಡೀಬೇಡಿ ಮಾರಾಯ್ರೆ, ಎರಡನೇದು ಓದೋಷ್ಟರಲ್ಲೇ ಗೊತ್ತಾಗುತ್ತೆ.

ರಿಸಲ್ಟ್ ವಿಷಯಕ್ಕೆ ಇನ್ನೊಂದು. ಹಳೇ ವರ್ಷಗಳ ಇನ್‌ಸ್ಪೆಕ್ಷನ್ ವರದಿ, ವರ್ಷಾವಾರು ಫಲಿತಾಂಶದ ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಇರೋ ಸಾಧ್ಯತೆ ಇದೆ. ಶಾಲೆ ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಅಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡ್ಬೇಕು ಅಂತ 2005ರ ಕಾಯ್ದೇಲೇ ಇದೆ. ನಿಮ್ಮಲ್ಲೇ ಯಾರಾದ್ರೂ ಇವತ್ತೇ ಹಾಕಬಹುದು, ಮೇಡಂ ಹೆಸರೇ ಬೇಕು ಅಂತಿಲ್ಲ.

ಶಿಕ್ಷಕರ ಕೇಸ್ ನಡೆಸೋ ವಕೀಲ:

ಮೇಷ್ಟ್ರು ಸರಿಯಾಗಿ ಹೇಳಿದಾರೆ. ಕಾನೂನಿನ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೀನಿ.

ಕರ್ನಾಟಕ ಶಿಕ್ಷಣ ಕಾಯ್ದೆ 1983, ಸೆಕ್ಷನ್ 92 ನೋಡಿ. ಆರೋಪ ಏನು ಅಂತ ತಿಳಿಸಿ, ವಿಚಾರಣೆ ನಡೆಸಿ, ಹೇಳ್ಕೊಳ್ಳೋಕೆ ಸರಿಯಾದ ಅವಕಾಶ ಕೊಡದೆ ಖಾಸಗಿ ಶಾಲೆ ನೌಕರರನ್ನ ವಜಾ ಮಾಡೋ ಹಾಗಿಲ್ಲ, ಹಿಂಬಡ್ತಿ ಕೊಡೋ ಹಾಗೂ ಇಲ್ಲ. ಶೋಕಾಸ್ ನೋಟಿಸು ವಿಚಾರಣೆ ಅಲ್ಲ, ಅದು ವಿಚಾರಣೆಗೆ ಮುಂಚಿನ ಮೆಟ್ಟಿಲು. ಚಾರ್ಜ್ ಶೀಟ್ ಬರಬೇಕು, ವಿಚಾರಣಾಧಿಕಾರಿ ನೇಮಕ ಆಗ್ಬೇಕು, ಅವರ ಸಾಕ್ಷಿಗಳನ್ನ ಮೇಡಂ ಪಾಟೀಸವಾಲು ಮಾಡೋಕೆ, ಅಂದ್ರೆ ಎದುರಿಗೇ ಪ್ರಶ್ನೆ ಕೇಳೋಕೆ ಬಿಡ್ಬೇಕು, ಮೇಡಂ ಕಡೆ ಸಾಕ್ಷಿ ಕೇಳ್ಬೇಕು. ಎಷ್ಟೋ ಶಾಲೆಗಳು ಇದನ್ನ ಅರ್ಧಂಬರ್ಧ ಮಾಡಿ ಆಮೇಲೆ ಕೋರ್ಟಲ್ಲಿ ಸಿಕ್ಕಾಕೊಳ್ತವೆ. ಆದ್ರೆ ಒಂದು, 'ಇವರ ವಿಚಾರಣೆ ನಾಟಕ, ನಾನು ಹೋಗಲ್ಲ' ಅಂತ ಮೇಡಂ ಬಹಿಷ್ಕಾರ ಹಾಕಿದ್ರೆ ಎಕ್ಸ್‌ಪಾರ್ಟಿ ಮಾಡಿ, ಅಂದ್ರೆ ಮೇಡಂ ಇಲ್ದೆನೇ ಒಂದೇ ಕಡೆ ಕೇಳಿ ಮುಗಿಸ್ತಾರೆ. ಹೋಗ್ಲೇಬೇಕು, ಪ್ರತಿ ದಿನದ ನಡಾವಳಿ ಓದಿನೇ ಸಹಿ ಮಾಡ್ಬೇಕು, ತಕರಾರಿದ್ರೆ ಸಹಿ ಪಕ್ಕದಲ್ಲೇ ಬರೀಬೇಕು, ನಕಲು ಕೇಳಿ ಇಸ್ಕೊಳ್ಬೇಕು.

ವಜಾ ಆದೇಶ ಬಂದೇ ಬಿಡ್ತು ಅನ್ಕೊಳ್ಳಿ. ಸೆಕ್ಷನ್ 94ರಲ್ಲಿ ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ ಎಜುಕೇಷನಲ್ ಅಪೆಲೇಟ್ ಟ್ರಿಬ್ಯುನಲ್‌ಗೆ ಅಪೀಲು ಹಾಕಬಹುದು, ಅಲ್ಲಿ ಕೂರೋದು ಜಿಲ್ಲಾ ನ್ಯಾಯಾಧೀಶರು. ಈ 3 ತಿಂಗಳನ್ನ ಎಂಎಲ್‌ಎ ಮನೆ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ) ಆಫೀಸು, ಸ್ವಾಮೀಜಿ ಮಠ ಅಂತ ಅಲೆದು ಕಳ್ಕೊಂಡು ನನ್ನ ಹತ್ರ ಬಂದೋರಿದಾರೆ. ರಾಜಿ ಪ್ರಯತ್ನ ಮಾಡಿ, ಬೇಡ ಅನ್ನಲ್ಲ, ಅಪೀಲು ಹಾಕಿಟ್ಟು ಮಾಡಿ. ಅನುದಾನ ಇಲ್ಲದ ಶಾಲೆಗಳ ವಿಷಯದಲ್ಲಂತೂ 2002ರ ಟಿಎಂಎ ಪೈ ತೀರ್ಪಲ್ಲಿ ಸುಪ್ರೀಂ ಕೋರ್ಟು, ಶಿಸ್ತುಕ್ರಮಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಿಲ್ಲ ಆದ್ರೆ ಆಂತರಿಕ ವಿಚಾರಣೆ ನಡೀಲೇಬೇಕು ಅಂದಿದೆ, ಹಾಗಾಗಿ 'ಇಲಾಖೆಯೋರು ಬಂದು ತಡೀತಾರೆ' ಅಂತ ಕಾಯ್ಕೊಂಡು ಕೂರೋದು ವೇಸ್ಟು. ಅದೇ ತೀರ್ಪಲ್ಲಿ ಜಿಲ್ಲೆ ಮಟ್ಟದಲ್ಲೇ ಟ್ರಿಬ್ಯುನಲ್ ಇರ್ಬೇಕು, ಶಿಕ್ಷಕರು ರಾಜಧಾನಿಗೆ ಅಲೀಬಾರ್ದು ಅಂತಾನೂ ಹೇಳಿದಾರೆ.

ಲೇಬರ್ ಕೋರ್ಟಿಗೆ ಹೋಗಿ ಅಂತ ಯಾರಾದ್ರೂ ಸಲಹೆ ಕೊಡ್ತಾರೆ, ಕೇಳ್ಬೇಡಿ. ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಶಿಕ್ಷಕರು ಕಾರ್ಮಿಕರ ವ್ಯಾಖ್ಯೆಯೊಳಗೆ ಬರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಶಾಲೆ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಆಗಿದ್ರೆ 1983ರ ಕಾಯ್ದೆ ನಮಗೆ ಅನ್ವಯಿಸಲ್ಲ ಅನ್ನೋ ವಾದ ಆ ಕಡೆಯಿಂದ ಬರುತ್ತೆ, ನಿಮ್ಮ ವಕೀಲರಿಗೆ ಮೊದಲ ದಿನವೇ ಹೇಳಿ.

ಫೀಸಿನ ಚಿಂತೆ ಇದ್ರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸಿರುತ್ತೆ. 1987ರ ಕಾಯ್ದೆ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ. ಎಷ್ಟೋ ಟೀಚರ್‌ಗಳಿಗೆ ಇದು ಗೊತ್ತೇ ಇಲ್ಲ.

ಇನ್ನೊಬ್ರು:

ನೋಡ್ರಿ, ನಮ್ಮ ಕಡೆ ಒಬ್ರು ಸರ್ ಸಲುವಾಗಿ ಹಳೇ ಹುಡುಗ್ರು ಧರಣಿ ಕುಂತಿದ್ರು. ಎರಡನೇ ದಿನಕ್ಕ ಯಾವ್ಯಾವ್ದೋ ಸಂಘಟನಿ ಬಾವುಟ ಹಿಡ್ಕೊಂಡು ಬಂದ್ರು, ಮೂರನೇ ದಿನಕ್ಕ ವಿಷಯ ಸರ್‌ದ್ದು ಇರ್ಲೇ ಇಲ್ಲ, ಜಾತಿ ಮ್ಯಾಲ ಹೋತು. ಸರ್ ಮನಿಯಿಂದ ಹೊರಗ ಬರಲಿಲ್ಲ. ಅಷ್ಟರಾಗ ಮ್ಯಾನೇಜ್‌ಮೆಂಟ್‌ನವ್ರು 'ಶಾಲಿ ವಿರುದ್ಧ ಜನರನ್ನ ಎತ್ತಿಕಟ್ಟಿದ್ರು' ಅಂತ ಇನ್ನೊಂದು ಚಾರ್ಜ್ ಸೇರಿಸಿದ್ರು. ಇಷ್ಟ ನಾ ಹೇಳೂದು.

ಮೇಲೆ ಬರೆದ ಪೋಷಕಿಯೇ:

ಇದನ್ನ ಬರೆದ್ರೆ ಬೈತೀರೇನೋ, ಆದ್ರೂ ಬರೀತೀನಿ. ದೂರು ಕೊಟ್ಟ ಪೋಷಕರೆಲ್ಲ ಮ್ಯಾನೇಜ್‌ಮೆಂಟ್ ಏಜೆಂಟರು ಅಂತ ಅನ್ಕೋಬೇಡಿ. ನಿಮ್ಮ ಕಾಲದಲ್ಲಿ ಕೋಲು ಹಿಡಿದ್ರೆ 'ಸ್ಟ್ರಿಕ್ಟು' ಅಂತಿದ್ರು, ಈಗ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೆಕ್ಷನ್ 17ರ ಪ್ರಕಾರ ಹೊಡೆಯೋ ಹಾಗೂ ಇಲ್ಲ, ಮನಸ್ಸಿಗೆ ಹಿಂಸೆ ಆಗೋ ಹಾಗೆ ಮಾತಾಡೋ ಹಾಗೂ ಇಲ್ಲ. ನಿಮ್ಮ ಮೇಡಂ ನಿಮಗೆ ಚೆನ್ನಾಗಿದ್ರು ಅನ್ನೋದು ಸತ್ಯ, ಇವತ್ತಿನ ಒಂದು ಮಗುಗೆ ಬೇಜಾರಾಗಿದೆ ಅನ್ನೋದೂ ಸತ್ಯ ಇರಬಹುದು. ಆ ಮಗು ಯಾರು, ಯಾರ ಮನೇದು ಅಂತ ಗ್ರೂಪಲ್ಲಿ ಹುಡುಕೋಕೆ ಹೋಗಬೇಡಿ, ಹೆಸರು ಹಾಕೋದಂತೂ ಕನಸಲ್ಲೂ ಬೇಡ. ಆರೋಪ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಕಾಯ್ದೆ) ಥರದ್ದಾದ್ರೆ ಮಗುವಿನ ಗುರುತು ಬಯಲು ಮಾಡೋದೇ ಅಪರಾಧ. ಮೇಡಂ ಕೂಡ ಆ ಪೋಷಕರಿಗೆ ಫೋನ್ ಮಾಡಿ 'ದೂರು ವಾಪಸ್ ತಗೊಳ್ಳಿ' ಅನ್ನೋದು ಬೇಡ, ಅದನ್ನೇ ರೆಕಾರ್ಡ್ ಮಾಡಿ ಸಾಕ್ಷಿಗೆ ಬೆದರಿಕೆ ಅಂತಾರೆ.

ಬೆಂಬಲ ಕೊಡೋದು ಅಂದ್ರೆ ನ್ಯಾಯವಾದ ವಿಚಾರಣೆ ಆಗ್ಲಿ ಅಂತ ಕೇಳೋದು. ಅಷ್ಟಕ್ಕಾದ್ರೆ ನಾನೂ ಸಹಿ ಹಾಕ್ತೀನಿ.

ಹಿಂಗೇ ಅನುಭವಿಸಿದ ಟೀಚರ್:

ನಾನು ಈ ಕಡೆಯಿಂದ ಹೋಗಿ ಬಂದೋಳು. ಕೊನೆಗೆ ನನ್ನ ಕೆಲಸ ಉಳೀತು, ಆ ಕತೆ ಇಲ್ಲಿ ಬೇಡ. ಹೊರಗಿನೋರಿಗೆ ಕಾಣದ ಒಂದೆರಡು ವಿಷಯ ಮಾತ್ರ ಹೇಳ್ತೀನಿ.

ಸ್ಟಾಫ್ ರೂಮಲ್ಲಿ ಎಲ್ಲರೂ ಮಾತು ನಿಲ್ಲಿಸ್ತಾರೆ. ಅವರ ಮೇಲೆ ಸಿಟ್ಟು ಮಾಡ್ಕೋಬೇಡಿ, ಅವರಿಗೂ ಸಂಬಳ ಬೇಕು, ನಿಮ್ಮ ಬ್ಯಾಚಿನೋರು ಅವರನ್ನ 'ನೀವೂ ಬನ್ನಿ ಮುಂದೆ' ಅಂತ ಒತ್ತಾಯ ಮಾಡಿದ್ರೆ ಇನ್ನಷ್ಟು ದೂರ ಹೋಗ್ತಾರೆ. ನನಗೆ ನಿಜವಾಗ್ಲೂ ಕೈ ಹಿಡಿದಿದ್ದು ಒಬ್ಬ ಹಳೇ ಸ್ಟೂಡೆಂಟು. ಅವಳು ಭಾಷಣ ಮಾಡಲಿಲ್ಲ, ವಾರಕ್ಕೊಂದ್ಸಲ ಮನೆಗೆ ಬಂದು ಎಲ್ಲ ಕಾಗದ ತಾರೀಖು ಪ್ರಕಾರ ಫೈಲ್ ಮಾಡಿ, ಸ್ಕ್ಯಾನ್ ಮಾಡಿ ಇಟ್ಟು, ನಾನು ಹೇಳಿದ್ದನ್ನ ಟೈಪ್ ಮಾಡಿ, ವಿಚಾರಣೆ ದಿನ ಗೇಟಿನವರೆಗೂ ಜೊತೆಗೆ ಬರ್ತಿದ್ಲು. ನೋಟಿಸ್ ಓದೋವಾಗ ಕಣ್ಣು ಮಂಜಾಗುತ್ತೆ ರೀ, ಅಕ್ಷರ ತಲೆಗೆ ಹೋಗಲ್ಲ, ಪಕ್ಕದಲ್ಲಿ ಶಾಂತವಾಗಿ ಓದೋರು ಒಬ್ರು ಬೇಕು.

ದಿನಾ ಇಪ್ಪತ್ತು ಜನ ಫೋನ್ ಮಾಡಿ 'ಏನಾಯ್ತು ಮೇಡಂ' ಅಂತ ಕೇಳ್ಬೇಡಿ. ಒಬ್ರನ್ನ ನೇಮಿಸ್ಕೊಳ್ಳಿ, ಅವರು ಕೇಳಿ ಗ್ರೂಪಿಗೆ ಹೇಳ್ಲಿ, ಅದೂ ಮೇಡಂ ಹೇಳಬಹುದು ಅಂದಿದ್ದಷ್ಟೇ. ಗ್ರೂಪಲ್ಲಿ ಹಾಕಿದ್ದು ಸಂಜೆಯೊಳಗೆ ಮ್ಯಾನೇಜ್‌ಮೆಂಟ್ ಫೋನಲ್ಲಿರುತ್ತೆ, ನಿಮ್ಮಲ್ಲೇ ಯಾರದ್ದೋ ಮಗು ಆ ಶಾಲೇಲಿ ಓದ್ತಿರುತ್ತಲ್ಲ.

ದುಡ್ಡು ಕೂಡಿಸೋದಾದ್ರೆ ಮೇಡಂನ ಕೇಳಿಯೇ ಕೂಡಿಸಿ. ನನಗೆ ಹೇಳದೆ ಕಲೆಕ್ಷನ್ ಶುರು ಮಾಡಿದ್ರು, ನಾಚಿಕೆಯಿಂದ ಮುಖ ಎತ್ತೋಕಾಗಲಿಲ್ಲ.

ನೋಡ್ತಿದ್ದ ಒಬ್ರು:

ಮಧ್ಯದಲ್ಲಿ ಬರ್ತಿದೀನಿ ಕ್ಷಮಿಸಿ, ನಮ್ಮ ಟೀಚರ್ ಅಕ್ಕನಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸ್ ಇಲ್ಲ ಅಂತ ತೆಗೀತೀವಿ ಅಂತಿದಾರೆ, ಅದಕ್ಕೂ ಇದೇ ದಾರಿನಾ?

ವಕೀಲ:

ಅದು ಬೇರೆ ದಾರಿ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಪ್ರಕಾರ 1ರಿಂದ 8ನೇ ಕ್ಲಾಸಿಗೆ ಪಾಠ ಮಾಡೋರಿಗೆ ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಇದ್ರೆ 2 ವರ್ಷದೊಳಗೆ ಟಿಇಟಿ ಪಾಸ್ ಮಾಡ್ಬೇಕು ಅಂದ್ರು. 5 ವರ್ಷಕ್ಕಿಂತ ಕಮ್ಮಿ ಇದ್ರೆ ಟಿಇಟಿ ಇಲ್ದೆನೂ ನಿವೃತ್ತಿವರೆಗೆ ಮುಂದುವರೀಬಹುದು, ಪ್ರಮೋಷನ್ ಸಿಗಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆನ ದೊಡ್ಡ ಪೀಠಕ್ಕೆ ಕಳಿಸಿದ್ರು. ಗಡುವು ಮುಗಿಯೋಕೆ ಮುಂಚೆ ತೆಗೀತೀವಿ ಅಂದ್ರೆ ಲಿಖಿತವಾಗಿ ಕೊಡಿ ಅಂತ ಕೇಳೋಕೆ ಹೇಳಿ ಅಕ್ಕನಿಗೆ.

ಕೇಳಿದವನು, ಎರಡು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಮನೆಗೆ ಮೂರು ಜನ ಹೋಗಿದ್ವಿ. ಧರಣಿ ಬೇಡ, ವಿಡಿಯೋ ಬೇಡ, ದುಡ್ಡಂತೂ ಬೇಡ್ವೇ ಬೇಡ ಅಂದ್ರು. ರಾಜೀನಾಮೆ ಕೊಡಲ್ವಂತೆ, ಅದು ಗಟ್ಟಿ. ದಾಖಲೆ ಕೇಳಿ ಪತ್ರ ಹೋಯ್ತು, ಸೀಲ್ ಹಾಕಲಿಲ್ಲ, ಸ್ಪೀಡ್ ಪೋಸ್ಟ್ ಮಾಡಿದ್ವಿ. ಆದ್ರೆ 'ಒರಟು ಮಾತು' ಬಗ್ಗೆ ಕೇಳಿದಾಗ, ಒಬ್ಬ ಪೋಷಕರ ಮೇಲೆ ನಾನು ರೇಗಿದ್ದು ನಿಜ ಕಣೋ ಅಂದ್ರು. ಅದನ್ನ ಉತ್ತರದಲ್ಲಿ ಒಪ್ಕೊಳ್ಳೋದಾ ಬೇಡ್ವಾ? ಇನ್ನೊಂದು, ಕೊನೆಗೆ ಕೆಲಸ ಹೋದ್ರೆ ಗ್ರಾಚ್ಯುಟಿ (ಸರ್ವಿಸಿಗೆ ತಕ್ಕಂತೆ ಕೊನೇಲಿ ಕೊಡೋ ದುಡ್ಡು) ಕೂಡ ಹೋಗುತ್ತಾ ಅಂತ ಅವರ ಯಜಮಾನ್ರು ಕೇಳಿದ್ರು.

ನಿವೃತ್ತ ಮುಖ್ಯೋಪಾಧ್ಯಾಯ:

ಸುಳ್ಳು ಹೇಳೋದು ಬೇಡ, ಅದು ಪಾಟೀಸವಾಲಲ್ಲಿ ಬಿದ್ದೋಗುತ್ತೆ, ಬಿದ್ರೆ ಉಳಿದ ಸತ್ಯಾನೂ ಯಾರೂ ನಂಬಲ್ಲ. ಹಾಗಂತ 'ತಪ್ಪಾಯ್ತು' ಅಂತ ಬರೀ ಒಂದು ಸಾಲೂ ಬರೀಬೇಡಿ, ಅದನ್ನೇ ತಪ್ಪೊಪ್ಪಿಗೆ ಅಂತ ಇಟ್ಕೊಂಡು ವಿಚಾರಣೆನೇ ಬೇಡ ಅಂತಾರೆ. ಆ ದಿನ ಏನು ನಡೀತು, ಅವರು ಏನಂದ್ರು, ಇವರು ಏನಂದ್ರು, ಎದುರಿಗೆ ಯಾರಿದ್ರು, ನಡೆದಂಗೆ ಬರೀಲಿ. ಇಷ್ಟು ವರ್ಷದ ಸರ್ವಿಸಲ್ಲಿ ಇದಕ್ಕೆ ಮುಂಚೆ ಒಂದು ಮೆಮೋ ಆದ್ರೂ ಬಂದಿತ್ತಾ, ಬಂದಿಲ್ಲ ಅಂದ್ರೆ ಅದನ್ನ ಎದ್ದು ಕಾಣೋ ಹಾಗೆ ಬರೀಲಿ. ಒಂದ್ಸಲ ರೇಗಿದ್ದಕ್ಕೆ ವಜಾ ಅನ್ನೋದು ತಪ್ಪಿಗೆ ತಕ್ಕ ಶಿಕ್ಷೆ ಅಲ್ಲ ಅನ್ನೋ ವಾದ ಅಪೀಲಲ್ಲೂ ಕೈ ಹಿಡಿಯುತ್ತೆ. ಕೊಡೋಕೆ ಮುಂಚೆ ಆ ಕರಡನ್ನ ವಕೀಲರಿಗೆ ತೋರಿಸಿ.

ವಕೀಲ:

ಗ್ರಾಚ್ಯುಟಿ ವಿಷಯಕ್ಕೆ: ಖಾಸಗಿ ಶಾಲೆ ಶಿಕ್ಷಕರಿಗೂ ಸಿಗಬೇಕು ಅಂತ ಆಗಿದ್ದ ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ಆಯ್ತು, 1997ರ ಏಪ್ರಿಲ್ 3ರಿಂದಲೇ ಜಾರಿ ಅಂತ. ಶಾಲೆಗಳ ಒಕ್ಕೂಟದವರು ಪ್ರಶ್ನೆ ಮಾಡಿದ್ರು, 2022ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರವೇ ಹೇಳ್ತು. ಕೆಲಸದಿಂದ ತೆಗೆದ್ರೂ ಸುಮ್ಮಸುಮ್ಮನೆ ತಡೆಹಿಡಿಯೋಕಾಗಲ್ಲ, ಸಂಸ್ಥೆ ಆಸ್ತಿಗೆ ನಷ್ಟ ಮಾಡಿದ್ದು, ಹಿಂಸೆ, ನೈತಿಕ ಅಧಃಪತನದ ಅಪರಾಧ, ಇಂಥ ಕಾರಣಕ್ಕೆ ತೆಗೆದಿದ್ರೆ ಮಾತ್ರ ಆ ಪ್ರಶ್ನೆ ಬರುತ್ತೆ. ರಿಸಲ್ಟ್ ಕಮ್ಮಿ ಅನ್ನೋದು ಆ ಪಟ್ಟೀಲಿಲ್ಲ ಅಂತ ಯಜಮಾನ್ರಿಗೆ ಹೇಳಿ. ಮೇಡಂ ನೇಮಕಾತಿ ಆದೇಶ, ಮೊದಲ ವರ್ಷಗಳ ಸಂಬಳದ ಚೀಟಿ ಮನೇಲಿ ಇದೆಯಾ ನೋಡಿ, ಇಲ್ಲ ಅಂದ್ರೆ ಹಳೇ ಬ್ಯಾಂಕ್ ಪಾಸ್‌ಬುಕ್ ಆದ್ರೂ ತೆಗೆದಿಡಿ. ಹಳೇ ರೆಕಾರ್ಡ್ ಸಿಗ್ತಿಲ್ಲ ಅಂತ ಹೊಸ ಮಂಡಳಿಯೋರು ಸರ್ವಿಸ್ ಕಮ್ಮಿ ತೋರಿಸಿದ್ದನ್ನ ನಾನು ನೋಡಿದೀನಿ.

ಕೇಳಿದವನು:

ಪಾಸ್‌ಬುಕ್ ಇದೆಯಂತೆ ಸರ್. ನಾಳೆ ಹೋಗಿ ಸ್ಕ್ಯಾನ್ ಮಾಡ್ತೀನಿ. ಮಾಹಿತಿ ಹಕ್ಕಿನ ಅರ್ಜಿ ನನ್ನ ಹೆಸರಲ್ಲೇ ಹಾಕ್ತೀನಿ. ಸಾಕ್ಷಿ ಪತ್ರಕ್ಕೆ ಸದ್ಯಕ್ಕೆ ಆರು ಜನ ಒಪ್ಪಿದಾರೆ, ಧರಣಿ ಅಂತ ಕೂಗ್ತಿದ್ದೋರಲ್ಲಿ ಒಬ್ರೂ ಇಲ್ಲ.