ಕುಷ್ಠರೋಗದ ಬ್ಯಾಕ್ಟೀರಿಯಾದಲ್ಲಿ ‘ಕೆಟ್ಟ ತಳಿ’ ಅಂತ ಇದೆಯಾ? ರೋಗ ಒಬ್ಬೊಬ್ಬರಲ್ಲಿ ಒಂದೊಂದು ಥರ ಯಾಕೆ?

ಹೊಂಬೆಳಕು ಕೇಳಿದ್ದು:

ನಮಸ್ಕಾರ. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನನ್ನ ಸೋದರಮಾವನಿಗೆ ಕಳೆದ ವರ್ಷ ಕುಷ್ಠರೋಗ ಅಂತ ಗೊತ್ತಾಯಿತು. ಮೊಣಕೈ ಹತ್ತಿರ ಒಂದೇ ಒಂದು ತಿಳಿಬಣ್ಣದ ಮಚ್ಚೆ. ಅಲ್ಲಿ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಆರು ತಿಂಗಳು ಮಾತ್ರೆ ತಗೊಂಡರು, ಮುಗಿಯಿತು. ಅದೇ ಹೊತ್ತಿಗೆ ಅವರ ಜೊತೆ ಕೆಲಸ ಮಾಡುವವರಿಗೂ ಇದೇ ರೋಗ ಅಂತಾಯಿತು. ಅವರಿಗೆ ಕಿವಿ, ಮುಖದ ಮೇಲೆಲ್ಲ ಗಂಟು. ಚಿಕಿತ್ಸೆ ಒಂದು ವರ್ಷ. ಈಗ ಮನೆಯಲ್ಲಿ "ಅವರದ್ದು ಬೇರೆ ತಳಿ, ಕೆಟ್ಟ ತಳಿ, ಹತ್ತಿರ ಹೋಗಬೇಡ" ಅಂತ ಮಾವನಿಗೆ ಹೇಳುತ್ತಿದ್ದಾರೆ. ಇಬ್ಬರೂ ಹಳೇ ಸ್ನೇಹಿತರು, ಮಾವನಿಗೆ ತುಂಬಾ ಬೇಜಾರಾಗಿದೆ.

ನಾನು ಓದಿದ ಒಂದು ಕಡೆ, ಈ ಬ್ಯಾಕ್ಟೀರಿಯಾ ಪ್ರಪಂಚದ ಎಲ್ಲೆಡೆ ಹೆಚ್ಚುಕಮ್ಮಿ ಒಂದೇ ಅಂತಿದೆ. ಇನ್ನೊಂದು ಕಡೆ ನಾಲ್ಕು ಬಗೆ, 16 ಉಪಬಗೆ ಅಂತಿದೆ. ಯಾವುದು ಸರಿ?

ಕೆಂಪುಕಡ್ಡಿ ಬರೆದದ್ದು:

ಎರಡೂ ಸರಿ. ಆದರೆ ಮೊದಲು ಮನೆಯ ಮಾತಿಗೆ ಉತ್ತರ ಕೊಡುತ್ತೇನೆ, ಅದೇ ಮುಖ್ಯ. ನಿಮ್ಮ ಮಾವನ ಸ್ನೇಹಿತರಿಗೆ ಗಂಟು ಬಂದಿರುವುದಕ್ಕೆ ಕೆಟ್ಟ ತಳಿ ಕಾರಣ ಅಲ್ಲ. ಇಬ್ಬರ ಮೈಯಲ್ಲೂ ಒಂದೇ ತಳಿ ಇರಬಹುದು. ರೋಗದ ರೂಪವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ವ್ಯಕ್ತಿಯ ರೋಗನಿರೋಧಕ ಶಕ್ತಿ ಈ ಬ್ಯಾಕ್ಟೀರಿಯಾಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಅನ್ನೋದು. ಜೋರಾಗಿ ಪ್ರತಿಕ್ರಿಯಿಸಿದರೆ ಒಂದೆರಡು ಮಚ್ಚೆ, ಒಳಗೆ ಬ್ಯಾಕ್ಟೀರಿಯಾ ತೀರಾ ಕಡಿಮೆ. ಪ್ರತಿಕ್ರಿಯೆಯೇ ಏಳದಿದ್ದರೆ ಅದು ಸುಮ್ನೆ ಬೆಳೆಯುತ್ತಾ ಹೋಗುತ್ತದೆ, ಗಂಟುಗಳಾಗುತ್ತವೆ. ಮೊದಲನೆಯದು ಟ್ಯೂಬರ್‌ಕ್ಯುಲಾಯ್ಡ್ ತುದಿ, ಎರಡನೆಯದು ಲೆಪ್ರೊಮ್ಯಾಟಸ್ ತುದಿ. ನಡುವೆ ಬಾರ್ಡರ್‌ಲೈನ್ ರೂಪಗಳಿವೆ. ಆ ನಡುವಿನ ರೋಗಿಗಳು ಒಂದು ತುದಿಯಿಂದ ಇನ್ನೊಂದರ ಕಡೆ ಜಾರುವುದೂ ಉಂಟು. ಮೈಯೊಳಗಿನ ಬ್ಯಾಕ್ಟೀರಿಯಾ ಅದೇ, ರೂಪ ಮಾತ್ರ ಬದಲಾಯಿತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಒಂದು ಮಾತು ಮುಚ್ಚಿಡುವುದಿಲ್ಲ. ಗಂಟಿನ ರೂಪದವರಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ಜಾಸ್ತಿ, ಹಾಗಾಗಿ ಚಿಕಿತ್ಸೆಗೆ ಮುಂಚೆ ಅವರಿಂದ ಹರಡುವ ಸಾಧ್ಯತೆಯೂ ಜಾಸ್ತಿ. ಅದು ತಳಿಯ ಗುಣ ಅಲ್ಲ, ಲೆಕ್ಕದ ವಿಷಯ. ಎಂಡಿಟಿ, ಅಂದರೆ ಹಲವು ಔಷಧ ಸೇರಿಸಿ ಕೊಡುವ ಮಾತ್ರೆ, ಶುರುವಾದ ಮೇಲೆ ಹರಡುವುದು ಬೇಗ ನಿಲ್ಲುತ್ತದೆ. ಸ್ನೇಹಿತರು ಮಾತ್ರೆ ತಗೊಳ್ಳುತ್ತಿದ್ದಾರೆ ಅಂದಮೇಲೆ ಪಕ್ಕದಲ್ಲಿ ಕೂತು ಊಟ ಮಾಡಬಹುದು. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ.

ಈಗ ತಳಿಯ ವಿಷಯ. ನಾನು ಪ್ರಯೋಗಾಲಯದಲ್ಲಿ ಚರ್ಮದ ಬಯಾಪ್ಸಿಯಿಂದ ಡಿಎನ್‌ಎ ತೆಗೆಯುವ ಕೆಲಸ ಮಾಡುತ್ತೇನೆ. ಕುಷ್ಠರೋಗದ ಬ್ಯಾಕ್ಟೀರಿಯಾ, ಅಂದರೆ ಮೈಕೋಬ್ಯಾಕ್ಟೀರಿಯಂ ಲೆಪ್ರೆಯ ಪೂರ್ತಿ ಜೀನೋಮ್ (ಅದರ ಡಿಎನ್‌ಎಯ ಇಡೀ ಅಕ್ಷರಸಾಲು) ಮೊದಲು ಓದಿದ್ದು 2001ರಲ್ಲಿ. ಆ ತಳಿಯ ಹೆಸರು ಟಿಎನ್, ಅಂದರೆ ತಮಿಳುನಾಡು, ಅಲ್ಲಿನ ರೋಗಿಯೊಬ್ಬರಿಂದ ಬಂದದ್ದು. ಸುಮಾರು 32.7 ಲಕ್ಷ ಅಕ್ಷರ. ಕೆಲಸ ಮಾಡುವ ಜೀನ್‌ಗಳು 1600ರ ಆಸುಪಾಸು, ಕೆಟ್ಟು ಸತ್ತುಹೋದ ಜೀನ್‌ಗಳು 1100ಕ್ಕೂ ಹೆಚ್ಚು. ಕ್ಷಯದ ಬ್ಯಾಕ್ಟೀರಿಯಾ ಇದರ ನೆಂಟನೇ, ಅದಕ್ಕೆ ಸುಮಾರು 4000 ಜೀನ್‌ಗಳಿವೆ. ಇಷ್ಟೆಲ್ಲ ಕಳಕೊಂಡಿರುವುದರಿಂದಲೇ ಇರಬೇಕು, ಇದನ್ನು ಪ್ರಯೋಗಾಲಯದ ಯಾವ ತಟ್ಟೆಯಲ್ಲೂ ಬೆಳೆಸಲು ಆಗಿಲ್ಲ. ಇಲಿಯ ಪಾದದಲ್ಲೋ ಆರ್ಮಡಿಲ್ಲೋ ಅನ್ನೋ ಚಿಪ್ಪುಮೈಯ ಪ್ರಾಣಿಯಲ್ಲೋ ಮಾತ್ರ ಬೆಳೆಯುತ್ತದೆ. ಒಂದು ಎರಡಾಗಲು ಎರಡು ವಾರದಷ್ಟು ಬೇಕು.

2009ರಲ್ಲಿ ಭಾರತ, ಬ್ರೆಜಿಲ್, ಥಾಯ್ಲೆಂಡ್, ಅಮೆರಿಕದ ತಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಶೇ. 99.995ರಷ್ಟು ಒಂದೇ. 32 ಲಕ್ಷ ಅಕ್ಷರದಲ್ಲಿ ನೂರೈವತ್ತರ ಸುತ್ತಮುತ್ತ ಬದಲಾವಣೆ, ಅಷ್ಟೇ. ‘ಎಲ್ಲಾ ಒಂದೇ’ ಅನ್ನೋ ಮಾತು ಬಂದದ್ದು ಇಲ್ಲಿಂದ.

ಆದರೆ ಈ ಬ್ಯಾಕ್ಟೀರಿಯಾಗಳು ತಮ್ಮತಮ್ಮೊಳಗೆ ಜೀನ್ ಕೊಟ್ಟು ತಗೊಳ್ಳುವುದಿಲ್ಲ. ಒಮ್ಮೆ ಒಂದು ಅಕ್ಷರ ಬದಲಾದರೆ ಆ ವಂಶದಲ್ಲಿ ಅದು ಹಾಗೇ ಉಳಿಯುತ್ತದೆ. ಓಲೆಗರಿ ಪ್ರತಿಗಳಲ್ಲಿ ಎರಡು ಕಡೆ ಒಂದೇ ತಪ್ಪು ಕಂಡರೆ ಎರಡೂ ಒಂದೇ ಮೂಲದಿಂದ ನಕಲಾದವು ಅಂತ ಸಂಪಾದಕರು ಹೇಳುತ್ತಾರಲ್ಲ, ಇಲ್ಲೂ ಅದೇ ತರ್ಕ. ವ್ಯತ್ಯಾಸ ಕಡಿಮೆ ಇದ್ದಷ್ಟೂ ಒಂದೊಂದಕ್ಕೂ ಬೆಲೆ ಹೆಚ್ಚು. ಆ ಗುರುತುಗಳಿಂದಲೇ ನಾಲ್ಕು ಬಗೆ, 16 ಉಪಬಗೆ ಮಾಡಿದ್ದು. ಒಂದನೇ ಬಗೆ ಏಷ್ಯಾ ಮತ್ತು ಪೂರ್ವ ಆಫ್ರಿಕಾದಲ್ಲಿ ಹೆಚ್ಚು. ಮೂರನೆಯದು ಯೂರೋಪ್, ಉತ್ತರ ಆಫ್ರಿಕಾ, ಅಮೆರಿಕ ಖಂಡಗಳಲ್ಲಿ. ನಾಲ್ಕನೆಯದು ಪಶ್ಚಿಮ ಆಫ್ರಿಕಾದಲ್ಲಿ, ಅಲ್ಲಿಂದ ಗುಲಾಮರನ್ನು ಸಾಗಿಸಿದ ಕೆರಿಬಿಯನ್ ದ್ವೀಪಗಳಲ್ಲಿ. ಮನುಷ್ಯರನ್ನು ಹಡಗಿನಲ್ಲಿ ತುಂಬಿ ಒಯ್ದ ಕಥೆ ಬ್ಯಾಕ್ಟೀರಿಯಾದ ಅಕ್ಷರಗಳಲ್ಲಿ ಕೂತಿದೆ. ನಕ್ಷೆಯಲ್ಲಿ ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಉದಾಹರಣೆ ಹೇಳಲೇಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೊರದೇಶಕ್ಕೆ ಹೋಗದ, ರೋಗಿಗಳ ಸಂಪರ್ಕವೂ ಇಲ್ಲದ ಕೆಲವರಿಗೆ ಕುಷ್ಠರೋಗ ಬರುತ್ತಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವಿಶಿಷ್ಟ ತಳಿ 33 ಕಾಡು ಆರ್ಮಡಿಲ್ಲೋಗಳ ಪೈಕಿ 28ರಲ್ಲಿ, 39 ರೋಗಿಗಳ ಪೈಕಿ 25 ಜನರಲ್ಲಿ ಸಿಕ್ಕಿತು. ಅದು ಬೇರೆಲ್ಲೂ ಕಂಡಿರದ ತಳಿ. ಪ್ರಾಣಿಯಿಂದ ಮನುಷ್ಯನಿಗೆ ಬರುತ್ತಿದೆ ಅನ್ನೋ ಗುಮಾನಿಗೆ ಗಟ್ಟಿ ಆಧಾರ ಸಿಕ್ಕಿದ್ದು ಹೀಗೆ. 2016ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಕೆಂಪು ಅಳಿಲುಗಳಲ್ಲೂ ಇದೇ ಲೆಪ್ರೆ ಬ್ಯಾಕ್ಟೀರಿಯಾ ಸಿಕ್ಕಿತು. ಮಧ್ಯಯುಗದ ರೋಗಿಗಳ ಎಲುಬುಗಳಿಂದ ಓದಿದ ತಳಿಗೆ ಅದು ತುಂಬಾ ಹತ್ತಿರ.

ಹಾದಿಹೂ ಬರೆದದ್ದು:

ಕೆಂಪುಕಡ್ಡಿ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಓದಿದವರು ‘ತಳಿಯಿಂದ ರೋಗಿಗೆ ಏನೂ ವ್ಯತ್ಯಾಸ ಆಗಲ್ಲ’ ಅಂತ ತಿಳಕೊಳ್ಳಬಾರದು. ನಾನು ಚರ್ಮರೋಗ ವೈದ್ಯೆ. ಒಂದೇ ಅಕ್ಷರದ ಬದಲಾವಣೆ ಆರ್‌ಪಿಒಬಿ ಜೀನ್‌ನ ಸರಿಯಾದ ಜಾಗದಲ್ಲಿ ಬಿದ್ದರೆ ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧ ಕೆಲಸ ಮಾಡುವುದಿಲ್ಲ. ಹಾಗೇ ಬೇರೆ ಔಷಧಗಳಿಗೆ ಬೇರೆ ಜೀನ್: ಡ್ಯಾಪ್ಸೋನ್‌ಗೆ ಎಫ್ಒಎಲ್‌ಪಿ1, ಫ್ಲೋರೋಕ್ವಿನೊಲೋನ್‌ಗೆ ಜಿವೈಆರ್‌ಎ. ಉಪಬಗೆಯ ಹೆಸರು ನನಗೆ ಚಿಕಿತ್ಸೆಯಲ್ಲಿ ಬೇಕಾಗುವುದಿಲ್ಲ. ಈ ಮೂರು ಜೀನ್‌ಗಳ ವರದಿ ಬೇಕು.

ಇನ್ನೊಂದು, 2008ರಲ್ಲಿ ಮೈಕೋಬ್ಯಾಕ್ಟೀರಿಯಂ ಲೆಪ್ರೊಮಟೋಸಿಸ್ ಅಂತ ಬೇರೆ ಪ್ರಭೇದವನ್ನೇ ಗುರುತಿಸಿದರು. ಮೆಕ್ಸಿಕೋ ಮೂಲದ ರೋಗಿಗಳಲ್ಲಿ ಮೊದಲು ಕಂಡದ್ದು. ಅದರಲ್ಲಿ ಗಂಟಿಲ್ಲದೆ ಇಡೀ ಚರ್ಮವೇ ದಪ್ಪವಾಗುವ ತೀವ್ರ ರೂಪ ಕಾಣುತ್ತದೆ.

ಕೆಂಪುಕಡ್ಡಿ ಬರೆದದ್ದು:

ಡಾಕ್ಟರ್ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಇಲಿ ಪಾದದ ಪರೀಕ್ಷೆಯಲ್ಲಿ ಔಷಧ ನಿರೋಧ ಗೊತ್ತಾಗಲು ತಿಂಗಳುಗಟ್ಟಲೆ ಕಾಯಬೇಕು. ಪಿಸಿಆರ್ ಮಾಡಿ, ಅಂದರೆ ಆ ಮೂರು ಜೀನ್ ತುಣುಕುಗಳ ನಕಲು ಹೆಚ್ಚಿಸಿ, ಅವನ್ನು ಓದಿದರೆ ಕೆಲವೇ ದಿನ ಸಾಕು. ನಮ್ಮ ಟೇಬಲ್ಲಿಗೆ ಬರುವ ಹೆಚ್ಚಿನ ಮಾದರಿಗಳು ಅದಕ್ಕೇ ಬರುತ್ತವೆ. 2018ರಲ್ಲಿ ಪ್ರಪಂಚದ ನೂರೈವತ್ತಕ್ಕೂ ಹೆಚ್ಚು ಜೀನೋಮ್‌ಗಳನ್ನು ಹೋಲಿಸಿದಾಗ ಕೆಲವು ತಳಿಗಳಲ್ಲಿ ಬದಲಾವಣೆ ವಿಪರೀತ ಇತ್ತು. ಅವೆಲ್ಲ ಒಂದಕ್ಕಿಂತ ಹೆಚ್ಚು ಔಷಧಕ್ಕೆ ಬಗ್ಗದವು. ಡಿಎನ್‌ಎ ರಿಪೇರಿ ಮಾಡುವ ಎನ್‌ಟಿಎಚ್ ಜೀನ್ ಅವುಗಳಲ್ಲಿ ಕೆಟ್ಟಿತ್ತು.

ಯಾರೂ ಅಷ್ಟಾಗಿ ಮಾತಾಡದ ಒಂದು ವಿಷಯ ಇದೆ. ಬಯಾಪ್ಸಿಯಿಂದ ತೆಗೆದ ಡಿಎನ್‌ಎಯಲ್ಲಿ ಬಹುಪಾಲು ರೋಗಿಯದ್ದೇ. ಬ್ಯಾಕ್ಟೀರಿಯಾದ್ದು ಚೂರುಪಾರು. ಲೆಪ್ರೊಮ್ಯಾಟಸ್ ರೋಗಿಯ ಕಿವಿಯ ಸ್ಮಿಯರ್‌ನಲ್ಲಿ (ಚರ್ಮ ಕೆರೆದು ಗಾಜಿನ ಮೇಲೆ ಸವರಿದ್ದರಲ್ಲಿ) ಬಣ್ಣ ಹಿಡಿದ ಬ್ಯಾಕ್ಟೀರಿಯಾ ಕೆಂಪು ಕಡ್ಡಿಗಳಂತೆ ಕಂತೆಕಂತೆ ಕಾಣುತ್ತವೆ, ಅಂಥ ಮಾದರಿ ಬಂದರೆ ಪೂರ್ತಿ ಜೀನೋಮ್ ಸಿಗುವ ಭರವಸೆ ಇರುತ್ತದೆ. ಒಂದೇ ಮಚ್ಚೆ ಇರುವವರ ಮಾದರಿಯಲ್ಲಿ ಸ್ಮಿಯರ್ ಖಾಲಿ, ಪಿಸಿಆರ್ ಕೂಡ ಎಷ್ಟೋ ಸಲ ಖಾಲಿ. ಅಂದರೆ ನಾವು ಮಾತಾಡುತ್ತಿರುವ ಈ ವೈವಿಧ್ಯವೆಲ್ಲ ಹೆಚ್ಚಾಗಿ ಗಂಟಿನ ರೂಪದವರಿಂದ ಬಂದದ್ದು. ಹೊಂಬೆಳಕು ಅವರ ಮಾವನಂಥವರ ಬ್ಯಾಕ್ಟೀರಿಯಾ ಈ ನಕ್ಷೆಯಲ್ಲಿ ತುಂಬಾ ಕಡಿಮೆ. ಹೊಸ ಸಂಶೋಧನಾ ಲೇಖನ ಓದುವಾಗ ನಾನು ಮೊದಲು ನೋಡುವುದೇ ಮಾದರಿಗಳು ಯಾರಿಂದ ಬಂದವು ಅಂತ.

ಹೊಂಬೆಳಕು ಬರೆದದ್ದು:

ಇಬ್ಬರಿಗೂ ಧನ್ಯವಾದ. ಮಾವನಿಗೆ ಓದಿ ಹೇಳಿದೆ. ಒಂದು ಕೊನೆಯ ಪ್ರಶ್ನೆ. ಮಾವನಿಗೆ ಈಗ ಬ್ಯಾಕ್ಟೀರಿಯಾದ ಡಿಎನ್‌ಎ ಓದಿಸುವ ಸೀಕ್ವೆನ್ಸಿಂಗ್ ಮಾಡಿಸಬೇಕಾ? ಇಬ್ಬರದ್ದೂ ಒಂದೇ ತಳಿ ಅಂತ ತೋರಿಸಿದರೆ ಮನೆಯವರು ಸುಮ್ಮನಾಗಬಹುದು ಅಂತ.

ಹಾದಿಹೂ ಬರೆದದ್ದು:

ಬೇಡಪ್ಪ. ಚಿಕಿತ್ಸೆ ಮುಗಿದ ಒಂದೇ ಮಚ್ಚೆಯಲ್ಲಿ ಓದಲು ಏನೂ ಸಿಗುವುದಿಲ್ಲ, ಸುಮ್ನೆ ಚರ್ಮ ಕತ್ತರಿಸಿದಂತೆ. ಮುಂದೆ ಹೊಸ ಮಚ್ಚೆ ಬಂದರೆ, ಕೈ ಕಾಲು ಜೋಮು ಹಿಡಿದರೆ, ಹಳೇ ಮಚ್ಚೆ ಕೆಂಪಾಗಿ ಊದಿಕೊಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಅದು ರಿಯಾಕ್ಷನ್ (ರೋಗನಿರೋಧಕ ಶಕ್ತಿ ಕೆರಳಿ ಬರುವ ಊತ) ಆಗಿರಬಹುದು, ರೋಗ ಮರುಕಳಿಸಿದ್ದೂ ಇರಬಹುದು. ಮರುಕಳಿಸಿದ ಅನುಮಾನ ಬಂದರೆ ಔಷಧ ನಿರೋಧದ ಪರೀಕ್ಷೆ ಮಾಡಿಸಬಹುದು.

ಮನೆಯವರಿಗೆ ಭಯ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಮನೆಯ ಎಲ್ಲರ ಚರ್ಮವನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಬೆನ್ನು ಸೇರಿಸಿ. ರೋಗ ಇಲ್ಲದ ಸಂಪರ್ಕದವರಿಗೆ ರಿಫಾಂಪಿಸಿನ್ ಒಂದೇ ಡೋಸ್ ಕೊಡುವ ಕ್ರಮ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಲ್ಲಿದೆ, ಅದರ ಬಗ್ಗೆ ಕೇಳಿ. ಸ್ನೇಹಿತರ ಮನೆಯವರಿಗೂ ಹೇಳಿ.