ಸಹಾಯ ಬೇಕು: ಅವ್ವನಿಗೆ ಅಡ್ರಿನಲ್ ಕೊರತೆ, ಕಲಬುರಗಿ ಕಡೆಯವರು ಯಾರಾದರೂ ಇದ್ದೀರಾ?

ನಮಸ್ಕಾರ. ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ಅವ್ವನಿಗೆ ಅಡಿಸನ್ ಕಾಯಿಲೆ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹಾಳಾಗಿ, ದೇಹಕ್ಕೆ ಬೇಕಾದ ಹಾರ್ಮೋನು ಸಾಲದಾಗೋದು) ಅಂತ ಗೊತ್ತಾಗಿ ಎಂಟು ತಿಂಗಳಾಯಿತು. ಅದಕ್ಕೂ ಮುಂಚೆ ಸುಸ್ತು, ತೂಕ ಇಳಿಯೋದು ಇದ್ದೇ ಇತ್ತು. ಅಂಗೈ ಗೆರೆಗಳು ಮಸಿ ಹಚ್ಚಿದಂತೆ ಕಪ್ಪಾಗಿದ್ದವು. ರೊಟ್ಟಿ ಬಿಟ್ಟು ತಟ್ಟೆ ಅಂಚಿನ ಉಪ್ಪು ನೆಕ್ಕುತ್ತಿದ್ದಳು. ನಮ್ಮ ಬಿಸಿಲಿಗೆ ಹೀಗೇ ಅಂತ ಸುಮ್ನಿದ್ದೆವು. ಕೊನೆಗೆ ಬೆಳಗ್ಗೆ 8 ಗಂಟೆಗೆ ರಕ್ತ ತೆಗೆದು ಕಾರ್ಟಿಸೋಲ್ ಎಂಬ ಆ ಹಾರ್ಮೋನು ನೋಡಿದಾಗ ತಿಳಿಯಿತು. ಹಿಂದೆ ಬಂದಿದ್ದ ಟಿಬಿಯೇ ಗ್ರಂಥಿ ಹಾಳು ಮಾಡಿದೆಯಂತೆ.

ಈಗ ಆ ಹಾರ್ಮೋನುಗಳ ಬದಲಿಗೆ ದಿನಾ ಹೈಡ್ರೋಕಾರ್ಟಿಸೋನ್, ಫ್ಲೂಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ದುಪ್ಪಟ್ಟು ಮಾಡಲು ಡಾಕ್ಟರ್ ಹೇಳಿದ್ದಾರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತಕ್ಷಣ ಬೇಕು. ತಡವಾದರೆ ಜೀವಕ್ಕೇ ಅಪಾಯ.

ಹೋದ ತಿಂಗಳು ಹಾಗೇ ಆಯಿತು. ರಾತ್ರಿ ಒಂದು ಆಸ್ಪತ್ರೆಗೆ ಓಡಿದೆವು. "ಸ್ಟಿರಾಯ್ಡ್ ಯಾಕ್ರೀ, ಗ್ಯಾಸ್ಟ್ರಿಕ್ ಇದು" ಅಂದರು. ನಾನು ಡಾಕ್ಟರ್ ಚೀಟಿ ಹಿಡಿದು ನಿಂತೇ ಇದ್ದೆ. ಬಿಪಿ 70ಕ್ಕೆ ಇಳಿದ ಮೇಲೆ ಚುಚ್ಚಿದರು. ಅರ್ಧ ತಾಸಿನಲ್ಲಿ ಅವ್ವ ನೀರು ಕೇಳಿದಳು.

ನನಗೆ ಬೇಕಾಗಿರೋದು ಇಷ್ಟು. ಕಲಬುರಗಿಯಲ್ಲಿ ಫ್ಲೂಡ್ರೋಕಾರ್ಟಿಸೋನ್ ಯಾವಾಗಲೂ ಸಿಗುವ ಮೆಡಿಕಲ್ ಯಾವುದು? ಸೂಪರ್ ಮಾರ್ಕೆಟ್ ಸುತ್ತ ನಾಲ್ಕು ಅಂಗಡಿ ಕೇಳಿದೆ, ಎಲ್ಲರೂ "ನಾಳೆ ತರಿಸ್ತೀವಿ" ಅಂದರು. ಈ ಇಂಜೆಕ್ಷನ್ ಮನೆಯಲ್ಲೇ ಕೊಡೋದನ್ನ ಕಲಿಸುವ ನರ್ಸ್ ಯಾರಾದರೂ ಇದ್ದಾರಾ? ಪರ್ಸಿನಲ್ಲಿ ಇಟ್ಟುಕೊಳ್ಳುವ ಎಮರ್ಜೆನ್ಸಿ ಕಾರ್ಡನ್ನು ಕನ್ನಡದಲ್ಲಿ ಮಾಡಿಸಿದವರಿದ್ದರೆ ಫೋಟೊ ಹಾಕಿ. ಇದೇ ಕಾಯಿಲೆ ಇರುವವರು ಬೀದರ್‌ನಲ್ಲಿದ್ದರೂ ಪರವಾಗಿಲ್ಲ, ಅವ್ವನ ಜೊತೆ ಫೋನಿನಲ್ಲಿ ಒಮ್ಮೆ ಮಾತಾಡಿ. "ನನಗೊಬ್ಬಳಿಗೇ ಯಾಕೆ" ಅಂತ ದಿನಾ ಕೇಳುತ್ತಾಳೆ.

ದಯವಿಟ್ಟು ಸ್ಟಿರಾಯ್ಡ್ ಬಿಡಿಸಿ ಕಷಾಯ ಕೊಡಿ ಅಂತ ಮಾತ್ರ ಹೇಳಬೇಡಿ. ಆ ಸಲಹೆ ಓಣಿಯಲ್ಲೇ ಜಾಸ್ತಿ ಸಿಕ್ಕಿದೆ.