ನರ್ಸ್‌ಗಳ ಎಮರ್ಜೆನ್ಸಿ ತಯಾರಿ ಅಳೆಯೋದು ಹೇಗೆ? ಮಾಡಿದೋರು ಅನುಭವ ಹೇಳಿ

ಪ್ರಶ್ನೆ: ನಮ್ಮ ವಾರ್ಡ್ ನರ್ಸ್‌ಗಳು ಎಮರ್ಜೆನ್ಸಿಗೆ ಎಷ್ಟು ತಯಾರಿದ್ದಾರೆ ಅಂತ ಅಳೆದು ರಿಪೋರ್ಟ್ ಕೊಡಬೇಕು. ಪ್ರಶ್ನಾವಳಿ ಸಾಕಾ, ಮಾಕ್ ಡ್ರಿಲ್ ಮಾಡ್ಲೇಬೇಕಾ?

ಹಳೇ ಇನ್‌ಚಾರ್ಜ್: ನಾವು ಇಪಿಐಕ್ಯೂ ಹಂಚಿದ್ವಿ, ಅಂದ್ರೆ ಎಮರ್ಜೆನ್ಸಿ ಕೆಲಸ ಎಷ್ಟು ಗೊತ್ತು ಅಂತ ನರ್ಸ್‌ಗಳೇ ತಮಗೆ ಅಂಕ ಹಾಕ್ಕೊಳ್ಳೋ ಪ್ರಶ್ನಾವಳಿ. ವಾಪಸ್ ತರಿಸೋದೇ ದೊಡ್ಡ ಗೋಳು. ಶಿಫ್ಟ್ ಮುಗಿಸಿ ಸುಸ್ತಾದೋರು ಎಲ್ಲಾದಕ್ಕೂ ಮಧ್ಯದ ಅಂಕಿಗೇ ಟಿಕ್ ಹಾಕಿದ್ರು, ಕೆಲವರದ್ದು ಹಿಂದಿನ ಪುಟ ಪೂರ್ತಿ ಖಾಲಿ, ಮತ್ತೆ ಪ್ರಿಂಟ್ ಹಾಕ್ಸಿ ಮತ್ತೆ ಬೇಡ್ಕೊಂಡು ತುಂಬಿಸಿದ್ದಾಯ್ತು. ಟ್ರಯಾಜ್ (ಯಾರಿಗೆ ಮೊದಲು ಚಿಕಿತ್ಸೆ ಅಂತ ವಿಂಗಡಿಸೋದು) ಚೆನ್ನಾಗಿ ಗೊತ್ತು ಅಂತ ಬರೆದೋರಿಗೇ ಸ್ಟಾರ್ಟ್ ಅನ್ನೋ ಟ್ರಯಾಜ್ ಪದ್ಧತಿ ಪ್ರಕಾರ ವಿಂಗಡಿಸಿ ಅಂತ ಒಂದು ಕೇಸ್ ಬರೆದ ಚೀಟಿ ಕೊಟ್ಟೆ: ನಡೆಯೋಕಾಗ್ತಿಲ್ಲ, ಉಸಿರು ನಿಮಿಷಕ್ಕೆ 34. ಬಿಪಿ ನೋಡ್ಬೇಕು ಅಂದ್ರು! ಉಸಿರು 30 ದಾಟಿದ್ರೆ ಕೆಂಪು ಟ್ಯಾಗ್ (ತಕ್ಷಣ ಚಿಕಿತ್ಸೆ), ಅಲ್ಲಿಗೆ ಮುಗೀತು. ತಾವೇ ತಮಗೆ ಹಾಕ್ಕೊಂಡ ಮಾರ್ಕ್ಸ್ ಧೈರ್ಯ ತೋರ್ಸುತ್ತೆ ಅಷ್ಟೇ.

ಐಸಿಯು ನೈಟ್: ಡ್ರಿಲ್ ಬಿಟ್ರೆ ದಾರಿನೇ ಇಲ್ಲ, ಅದೂ ಮೊದಲೇ ಹೇಳದೆ, ರಾತ್ರಿ ಪಾಳಿಲಿ. ಬಿಎಲ್‌ಎಸ್ ಕಾರ್ಡ್ (ಎದೆ ಒತ್ತಿ ಜೀವ ಉಳಿಸೋ ತರಬೇತಿಯ ಸರ್ಟಿಫಿಕೇಟ್) 2 ವರ್ಷ ನಡೆಯುತ್ತೆ, ಕೈಯ ಅಭ್ಯಾಸ ಕೆಲವೇ ತಿಂಗಳಲ್ಲಿ ತಪ್ಪುತ್ತೆ. ನಾವು ಸ್ಟಾಪ್‌ವಾಚ್ ಹಿಡಿದು ಕೋಡ್ (ಹೃದಯ ನಿಂತಾಗಿನ ತುರ್ತು ಕರೆ) ಕರೆದದ್ದು ಯಾವಾಗ, ಎದೆ ಒತ್ತೋ ಕಂಪ್ರೆಷನ್ ಶುರುವಾದದ್ದು ಯಾವಾಗ, ಮೆಷಿನ್‌ನಿಂದ ಹೃದಯಕ್ಕೆ ಶಾಕ್ ಕೊಟ್ಟದ್ದು ಯಾವಾಗ ಅಂತ ಬರೆದ್ವಿ. 2 ನಿಮಿಷದೊಳಗೆ ಶಾಕ್ ಅನ್ನೋ ಗುರಿ ಹತ್ರಾನೂ ಹೋಗ್ಲಿಲ್ಲ. ಕ್ರ್ಯಾಶ್ ಟ್ರಾಲಿ (ಎಮರ್ಜೆನ್ಸಿ ಸಾಮಾನಿನ ಗಾಡಿ) ಬಂತು, ಗಂಟಲೊಳಗೆ ನೋಡೋ ಲಾರಿಂಗೋಸ್ಕೋಪ್ ಬಲ್ಬ್ ಹತ್ತಲಿಲ್ಲ, ಶಾಕ್ ಕೊಡೋಕೆ ಎದೆಗೆ ಅಂಟಿಸೋ ಪ್ಯಾಡ್ ಪ್ಯಾಕೆಟ್ ಒಡೆದ್ರೆ ಅದರ ಪ್ಲಗ್ ನಮ್ಮ ಶಾಕ್ ಮೆಷಿನ್‌ಗೆ ಕೂರ್ತಾನೇ ಇಲ್ಲ.

ವಾರ್ಡ್ ಸಿಸ್ಟರ್: ಹೇಳದೆ ಡ್ರಿಲ್ ಮಾಡಿದ್ವಿ ಅಂತ ಹೆಮ್ಮೆಯಿಂದ ಹೇಳ್ತಿದೀರಲ್ಲ ಸರ್, ಆ ಹೊತ್ತಲ್ಲಿ ಬಾಕಿ ಪೇಶೆಂಟ್ಸ್ ನೋಡೋರ್ಯಾರು? ನಮ್ಮಲ್ಲಿ ಬ್ಲಡ್ ಆಗಷ್ಟೇ ಶುರು ಮಾಡಿದ್ವಿ, ಮೊದಲ 15 ನಿಮಿಷ ಪಕ್ಕದಲ್ಲೇ ಇರ್ಬೇಕು, ಅಷ್ಟರಲ್ಲಿ ಡ್ರಿಲ್ ಅಂತ ಓಡಿಸಿದ್ರು. ತಡ ಆಯ್ತು ಅಂತ ಮೆಮೋನೂ ನಮಗೇ. ಪ್ಲಗ್ ಕೂರದಿದ್ರೆ ಅದು ನರ್ಸ್ ತಯಾರಿನಾ, ಸ್ಟೋರ್ ತಯಾರಿನಾ?

ಐಸಿಯು ನೈಟ್: ಮೆಮೋ ಕೊಡಿ ಅಂತ ನಾನೆಲ್ಲಿ ಹೇಳ್ದೆ ಮೇಡಂ? ಪ್ಲಗ್ ವಿಷ್ಯ ಗೊತ್ತಾಗಿದ್ದೇ ಡ್ರಿಲ್‌ನಿಂದ. ಟ್ರಾಲಿ ಚೆಕ್‌ಲಿಸ್ಟಲ್ಲಿ ದಿನಾ ಸೈನ್ ಇತ್ತು.

ವಾರ್ಡ್ ಸಿಸ್ಟರ್: ಸೀಲ್ ಹಾಕಿದ ಪ್ಯಾಕೆಟ್ ಒಡೆದು ಪ್ಲಗ್ ನೋಡೋಕಾಗತ್ತಾ? ಒಡೆದ್ರೆ ಅದಕ್ಕೂ ಮೆಮೋ.

ಸ್ಟೋರ್ ಕೀಪರ್: ಸ್ಟೋರ್‌ನವ್ರನ್ನ ಯಾಕೆ ಎಳೀತೀರಾ? ಇಂಡೆಂಟಲ್ಲಿ (ಸಾಮಾನು ಬೇಡಿಕೆ ಫಾರ್ಮ್) ಮೆಷಿನ್ ಮಾಡೆಲ್ ಬರೆಯಲ್ಲ, ಬರೀ ಪ್ಯಾಡ್ ಅಂತ ಬರೆದು ಕಳಿಸ್ತೀರಾ.

ವಾರ್ಡ್ ಸಿಸ್ಟರ್: ಮಾಡೆಲ್ ಬರೆಯೋಕೆ ನಿಮ್ಮ ಫಾರ್ಮಲ್ಲಿ ಕಾಲಮ್ಮೇ ಇಲ್ಲ. ಮೊದಲು ಅದನ್ನ ಹಾಕ್ಸಿ, ಆಮೇಲೆ ಮಾತಾಡಿ.